ಕಾಯಕವೂ ಪುರುಷಶೀಲವೂ

ಕಾಯಕವನ್ನು ಕೈಲಾಸಕ್ಕೆ ಸಮನೆನ್ನುವ ಮಾತು ಈ ನಾಡಿನಲ್ಲಿ ಯಾರಿಗೆ ತಿಳಿಯದು? ಶಾಲೆಯ ಗೋಡೆ, ಸಹಕಾರಿ ಸಂಘದ ಬಾಗಿಲು, ಗಿರಣಿಯ ತಲೆಬಾಗಿಲು, ಎತ್ತ ನೋಡಿದರೂ ಅದನ್ನು ಬರೆಸದ ಊರು ಅಪೂರ್ವವೆಂದೇ ಹೇಳಬೇಕು. ಇದನ್ನು ಬಸವಣ್ಣನವರ ಮಾತೆಂದೇ ಬಹುಜನರು ತಿಳಿದಿರುವರು. ಆದರೆ ವಚನದ ಕಟ್ಟುಗಳನ್ನು ಬಿಚ್ಚಿ ನೋಡಿದವರಿಗೆ ಅದು ದೊರೆಯುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಭಕ್ತಿಭಂಡಾರಿಯ ಹೆಸರಿನಲ್ಲಿ ಇಂದು ಚಲಾವಣೆಯಲ್ಲಿರುವ ಈ ನಾಣ್ಯವು, ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ಬದುಕಿದ ಒಬ್ಬ ಬಡ ಶರಣನ ಟಂಕಸಾಲೆಯಲ್ಲಿ ಹುಟ್ಟಿದುದು. ಇದು ಕೇವಲ ಪಂಡಿತರ ಪಾಠಶುದ್ಧಿಯ ಮಾತಲ್ಲ. ಆ ಮಾತು ಯಾರ ಬಾಯಿಂದ ಬಂದಿತೆಂಬುದನ್ನು ಮರೆತುದರಿಂದ ಅದರ ಅರ್ಥದಲ್ಲಿ ಅರ್ಧ ಭಾಗವನ್ನೇ ನಾವು ಕಳೆದುಕೊಂಡಿರುವೆವೆಂದು ನನಗೆ ತೋರುತ್ತದೆ.

ಹೀಗೆ ತೋರಲು ಕಾರಣವಾದ ಒಂದು ಪ್ರಸಂಗವನ್ನು ಹೇಳುವೆನು. ಕಳೆದ ಶ್ರಾವಣಮಾಸದಲ್ಲಿ ನಮ್ಮ ಶ್ರೀಮಠದ ದಾಸೋಹಕ್ಕೆ ಬಂದಿದ್ದ ಒಬ್ಬ ತರುಣನು ಪ್ರಸಾದವಾದ ಮೇಲೆ ಪಡಸಾಲೆಯಲ್ಲಿ ನನ್ನ ಬಳಿ ಬಂದು ಕುಳಿತನು. ಗಣಕಯಂತ್ರದ ಮುಂದೆ ಕುಳಿತು, ತಾನು ಎಂದೂ ಕಾಣದ ಜನರ ಲೆಕ್ಕಪತ್ರಗಳನ್ನು ನೋಡುವುದು ಅವನ ಉದ್ಯೋಗ. ಸಂಬಳಕ್ಕೆ ಕೊರತೆಯಿಲ್ಲ, ಮನೆಯಲ್ಲಿ ಹೆಂಡತಿ ಮಕ್ಕಳು ಸುಖವಾಗಿರುವರು. ಆದರೂ ಬೆಳಗಾದರೆ ಏಳಲು ಮನಸ್ಸಾಗದು ಎಂದನು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಶಾಸ್ತ್ರಿಗಳೇ, ನಮ್ಮ ಕಚೇರಿಯ ಗೋಡೆಗೂ ಆ ಕಾಯಕದ ಮಾತನ್ನು ಬರೆಸಿದ್ದಾರೆ. ಅದನ್ನು ಓದಿದಾಗಲೆಲ್ಲ, ಇನ್ನೂ ಎರಡು ತಾಸು ಹೆಚ್ಚು ದುಡಿ ಎಂದು ಯಾರೋ ಹೇಳಿದಂತೆ ಕೇಳಿಸುತ್ತದೆ. ಶರಣರು ಹೇಳಿದ್ದು ಇದನ್ನೇ ಏನು?” ಎಂದು ಕೇಳಿದನು. ಮೂವತ್ತು ವರ್ಷ ಪಾಠ ಹೇಳಿದ ನನಗೆ ಆ ಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. ಈ ಲೇಖನವು ಅವನಿಗೆ ಸಲ್ಲಬೇಕಾದ ಉತ್ತರವನ್ನು ಹಳೆಯ ಗ್ರಂಥಗಳಲ್ಲಿ ಹುಡುಕಿದುದರ ಫಲ.

ಮೊದಲು ಆಧಾರಗಳ ವಿಷಯ. ಕಲಚುರಿ ಬಿಜ್ಜಳನು ಕಲ್ಯಾಣದ ಸಿಂಹಾಸನವನ್ನು ವಶಪಡಿಸಿಕೊಂಡು ಆಳಿದ ಕಾಲವು ಸುಮಾರು 1157ರಿಂದ 1167ರವರೆಗಿನದು. ಶರಣರ ಸಮುದಾಯವು ಅಲ್ಲಿ ನೆರೆದುದೂ ಚದುರಿದುದೂ ಇದೇ ಸುಮಾರಿನಲ್ಲಿ. ಬಸವಣ್ಣನವರ ಹೆಸರನ್ನು ಹೇಳುವ ಅರ್ಜುನವಾಡದ ಶಾಸನವು 1260ರದು. ಶರಣರ ಜೀವನದ ಪ್ರಸಂಗಗಳು ಪೋಣಿಸಿದಂತೆ ದೊರೆಯುವುದು ಹರಿಹರನ ರಗಳೆಗಳಲ್ಲಿ, 1369ರಲ್ಲಿ ಮುಗಿದ ಭೀಮಕವಿಯ ಬಸವಪುರಾಣದಲ್ಲಿ, ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನಿಂದ ಮೊದಲುಗೊಂಡು ಮತ್ತೆ ಮತ್ತೆ ಸಂಕಲಿತವಾದ ಶೂನ್ಯಸಂಪಾದನೆಗಳಲ್ಲಿ. ಆದುದರಿಂದ ಮುಂದೆ ಹೇಳುವ ಕಥೆಗಳನ್ನು ಶಾಸನದಂತೆ ಓದಬಾರದು, ಐತಿಹ್ಯವೆಂದು ಓದಬೇಕು. ಆದರೆ ಆಯಾ ಶರಣರ ಅಂಕಿತವಿರುವ ವಚನಗಳು ನಮ್ಮ ಕೈಯಲ್ಲಿವೆ, ಮತ್ತು ಕಥೆಗಳ ತಿರುಳು ಆ ವಚನಗಳ ತಿರುಳಿಗೆ ಹೊಂದುತ್ತದೆ. ಒಂದು ಸಮಾಜವು ತನ್ನ ಹಿರಿಯರ ವಿಷಯದಲ್ಲಿ ಯಾವ ಕಥೆಯನ್ನು ಉಳಿಸಿಕೊಂಡಿತೆಂಬುದೂ ಇತಿಹಾಸವೇ.

ಶರಣರ ನಾಮಾವಳಿಯನ್ನು ಒಮ್ಮೆ ಓದಿ ನೋಡಿರಿ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ತುರುಗಾಹಿ ರಾಮಣ್ಣ, ಸುಂಕದ ಬಂಕಣ್ಣ, ವೈದ್ಯ ಸಂಗಣ್ಣ, ತಳವಾರ ಕಾಮಿದೇವ, ಬಾಚಿಕಾಯಕದ ಬಸವಪ್ಪ. ಅರಸರು ತಮ್ಮ ಹೆಸರಿನ ಹಿಂದೆ ಬಿರುದುಗಳನ್ನು ಹೊತ್ತ ಕಾಲದಲ್ಲಿ ಇವರು ಹೊತ್ತುದು ತಮ್ಮ ತಮ್ಮ ಕೆಲಸವನ್ನು. ಅಷ್ಟೇ ಅಲ್ಲ, ಅವರ ಅನುಭಾವದ ಭಾಷೆಯೂ ಕಸುಬಿನ ಭಾಷೆಯೇ. ಸುಂಕದವನು ಸುಂಕದ ಮಾತಿನಲ್ಲಿ, ವೈದ್ಯನು ರೋಗ ಮದ್ದುಗಳ ಮಾತಿನಲ್ಲಿ, ಹೆಂಡದ ಮಾರಯ್ಯನು ಹೆಂಡ ಅಮಲುಗಳ ಮಾತಿನಲ್ಲಿ ಪರತತ್ತ್ವವನ್ನು ಹೇಳಿರುವರು. ದಿನವೂ ಮುಟ್ಟುವ ವಸ್ತುವಿನಲ್ಲಿಯೇ ಅರ್ಥವನ್ನು ಕಾಣಲಾರದವನಿಗೆ ಅನುಭಾವಕ್ಕೆ ಬೇರೊಂದು ಭಾಷೆಯು ಎಲ್ಲಿಂದ ಬರಬೇಕು?

ಇಷ್ಟನ್ನು ಎಲ್ಲ ಉಪನ್ಯಾಸಕಾರರೂ ಹೇಳುವರು. ಸಂಸ್ಮರಣ ಗ್ರಂಥಗಳಲ್ಲಿ ನಾನೂ ಹಿಂದೆ ಬರೆದಿರುವೆನು. ಆದರೆ ಕೆಲಸವನ್ನು ಗೌರವದಿಂದ ಕಂಡರು ಎಂದಷ್ಟಕ್ಕೇ ನಿಲ್ಲಿಸಿದರೆ ಗೋಡೆಯ ಬರಹಕ್ಕೂ ಶರಣರ ಮಾತಿಗೂ ಭೇದವುಳಿಯದು. ಭೇದವಿರುವುದು ಇನ್ನೊಂದು ಕಡೆಯಲ್ಲಿ. ಶರಣರ ಕಾಯಕಕ್ಕೆ ಲೆಕ್ಕ ಕೇಳುವವರಿದ್ದರು. ಎಷ್ಟು ದುಡಿದೆ ಎಂಬುದು ಅವರು ಕೇಳುತ್ತಿದ್ದ ಲೆಕ್ಕವಲ್ಲ. ಎಷ್ಟು ತೆಗೆದುಕೊಂಡೆ, ಏಕೆ ತೆಗೆದುಕೊಂಡೆ, ಯಾರಿಗಾಗಿ ತೆಗೆದುಕೊಂಡೆ ಎಂಬುದು. ಗಂಡಸಿನ ಶೀಲವು ಗೊತ್ತಾಗುತ್ತಿದ್ದುದು ಈ ಪ್ರಶ್ನೆಗಳು ಬಂದಾಗ ಅವನು ಹೇಗೆ ನಿಂತನು ಎಂಬುದರಲ್ಲಿ.

ಬಸವಣ್ಣನವರ ಕಾಯಕವಂತೂ ಲೆಕ್ಕದ್ದೇ. ಕರಣಿಕರಾಗಿ ಆರಂಭಿಸಿ ಭಂಡಾರದ ಅಧಿಕಾರಕ್ಕೆ ಏರಿದವರು. ಭಂಡಾರದ ಹೊನ್ನು ಜಂಗಮರ ಪಾಲಾಗುತ್ತಿದೆಯೆಂದು ಕೊಂಡೆಯರು ಬಿಜ್ಜಳನ ಕಿವಿ ಕಚ್ಚಿದರೆಂದೂ, ಎಣಿಸಿ ನೋಡಿದಾಗ ಒಂದು ಹೊನ್ನೂ ಕಡಮೆಯಾಗಿರಲಿಲ್ಲವೆಂದೂ ಪುರಾಣಗಳು ಹೇಳುವುವು. ಎಣಿಕೆಯ ಪವಾಡವನ್ನು ಭಕ್ತರಿಗೆ ಬಿಡೋಣ. ಇಂದಿಗೆ ನಾಳೆಗೆ ಬೇಕೆಂದು ಬಂಗಾರದ ಚೂರನ್ನಾಗಲಿ ಬಟ್ಟೆಯ ನೂಲನ್ನಾಗಲಿ ತನಗಾಗಿ ಬಯಸಲಿಲ್ಲವೆಂದು ಅವರೇ ಆಣೆಯಿಟ್ಟು ಹೇಳಿದ ವಚನವೊಂದಿದೆ. ಆರೋಪ ಬಂದಾಗ ಪದವಿಯ ಹಿಂದೆ ಅಡಗದೆ, ತನ್ನ ಮನೆಯ ಬಟ್ಟೆಯನ್ನೂ ಲೆಕ್ಕಕ್ಕೆ ಒಡ್ಡಿದ ಮಂತ್ರಿಯ ಮಾತು ಅದು. ವಿಧಾನಸೌಧದ ಹಣೆಯ ಮೇಲೆ ಸರ್ಕಾರದ ಕೆಲಸವು ದೇವರ ಕೆಲಸವೆಂದು ಕೆತ್ತಿಸಿದ್ದಾರೆ. ಕೆಳಗೆ ಹೋಗಿ ಬರುವವರಲ್ಲಿ ಎಷ್ಟು ಮಂದಿ ತಲೆಯೆತ್ತಿ ಓದುವರೋ ನಾನರಿಯೆ.

ಆದರೆ ಭಂಡಾರದ ಲೆಕ್ಕಕ್ಕಿಂತ ಸೂಕ್ಷ್ಮವಾದುದು ಒಂದು ಬಡಗುಡಿಸಲಿನ ಲೆಕ್ಕ. ಮಾರಯ್ಯ ಲಕ್ಕಮ್ಮನವರು ಇಂದಿನ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರೆಂದು ಪ್ರತೀತಿ. ಇಬ್ಬರ ವಚನಾಂಕಿತದಲ್ಲಿಯೂ ಅಮರೇಶ್ವರಲಿಂಗವುಂಟು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದರಿಂದಲೇ ಮನೆಯ ಊಟ, ಅದರಿಂದಲೇ ಜಂಗಮದಾಸೋಹ. ಒಂದು ದಿನ ಅವನು ಪ್ರಭುದೇವರೊಡನೆ ಅನುಭಾವಗೋಷ್ಠಿಯಲ್ಲಿ ಕುಳಿತು ಹೊತ್ತು ಹೋದುದನ್ನೇ ಮರೆತನು. ಆಗ ಲಕ್ಕಮ್ಮನು ಬಂದು, ಕಾಯಕ ನಿಂತಿತೆಂದೂ ಇನ್ನು ಏಳಬೇಕೆಂದೂ ನೆನಪಿಸಿದಳು. ವಾಚಕಮಹಾಶಯರು ಇಲ್ಲಿ ಸ್ವಲ್ಪ ನಿಲ್ಲಬೇಕು. ಅವನು ಕುಳಿತಿದ್ದುದು ಜೂಜಿನ ಕಟ್ಟೆಯಲ್ಲಲ್ಲ. ಅಲ್ಲಮಪ್ರಭುವಿನ ಸನ್ನಿಧಿಯಲ್ಲಿ, ಪರಮಾರ್ಥದ ಮಾತಿನಲ್ಲಿ. ಅಂಥ ಗೋಷ್ಠಿಯಿಂದಲೂ ಗಂಡನನ್ನು ಎಬ್ಬಿಸಿದ ಆ ತಾಯಿಯ ಧೈರ್ಯವನ್ನು ಏನೆಂದು ಹೇಳೋಣ! ದೊಡ್ಡ ಮಾತನ್ನಾಡುವ ಸುಖಕ್ಕಾಗಿ ಸಣ್ಣ ಕೆಲಸವನ್ನು ಬಿಡುವ ಚಾಳಿ ಗಂಡಸರಲ್ಲಿ ಹಳೆಯದೇ. ಪಂಡಿತರಲ್ಲಿ ಇನ್ನೂ ಹಳೆಯದು.

ಎಚ್ಚತ್ತ ಮಾರಯ್ಯನು ಅವಸರದಿಂದ ಹೋಗಿ, ಕಾಯಕ ತಪ್ಪಿದ ಅಳುಕಿನಿಂದಲೋ ಏನೋ, ದಿನಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಬಸವಣ್ಣನವರೇ ಬೇಕೆಂದು ಹೆಚ್ಚು ಚೆಲ್ಲಿಸಿದ್ದರೆಂದೂ ಹೇಳುವುದುಂಟು. ಹೇಗೂ ಇರಲಿ, ಲಕ್ಕಮ್ಮನು ಮೊರವನ್ನು ನೋಡಿದೊಡನೆ ಅಳತೆ ಮೀರಿದುದನ್ನು ಕಂಡಳು. ಇದು ನಿನ್ನ ಮನಸ್ಸಿನ ಬಯಕೆಯೋ, ಅಥವಾ ಬಸವಣ್ಣನವರು ನಮ್ಮನ್ನು ಬಡವರೆಂದು ಬಗೆದುದೋ ಎಂದು ಕೇಳಿದಳು. ಆಸೆಯೆಂಬುದು ಅರಸರಿಗಿರಲಿ, ನಮಗೇಕೆಂದು ಹೇಳಿ ಹೆಚ್ಚಿನದನ್ನು ತಿರುಗಿ ಅಲ್ಲಿಯೇ ಚೆಲ್ಲಿ ಬರಲು ಕಳುಹಿಸಿದಳು. ಮಾರಯ್ಯನು ಎದುರಾಡಲಿಲ್ಲ. ಬಂದ ದಾರಿಯಲ್ಲಿಯೇ ಹೋಗಿ ಚೆಲ್ಲಿ ಬಂದನು.

ಒಂದೇ ದಿನದಲ್ಲಿ ಎರಡು ತಪ್ಪು, ಎರಡು ತಿದ್ದುಪಡಿ. ಮೊದಲನೆಯದು ಕಾಯಕವನ್ನು ಬಿಟ್ಟುದಕ್ಕೆ, ಎರಡನೆಯದು ಕಾಯಕದಿಂದ ಹೆಚ್ಚು ತಂದುದಕ್ಕೆ. ಉಪನ್ಯಾಸಗಳಲ್ಲಿ ನಾವು ಮೊದಲನೆಯದನ್ನು ಎತ್ತಿ ಹೇಳಿ ಎರಡನೆಯದನ್ನು ಬೇಗ ದಾಟಿಬಿಡುವೆವು. ಗೋಡೆಯ ಮೇಲೆ ಬರೆಸುವವರಿಗಂತೂ ಎರಡನೆಯದು ಬೇಡವೇ ಬೇಡ. ಆದರೆ ಈ ಎರಡೂ ಕೂಡಿದರೆ ಮಾತ್ರ ಅದು ಕಾಯಕ. ಇನ್ನೂ ಒಂದು ಮಾತು: ಇಲ್ಲಿ ಲೆಕ್ಕ ಕೇಳಿದವಳು ಹೆಂಡತಿ. ಹೊರಗೆ ಹೋಗಿ ತರುವವನು ತಾನು, ಆದುದರಿಂದ ಮನೆಯೊಳಗೆ ಯಾರೂ ತನ್ನನ್ನು ಕೇಳಬಾರದೆಂಬುದು ಪುರುಷನ ಸಾಮಾನ್ಯ ಹಮ್ಮು. ಮಾರಯ್ಯನ ಪುರುಷತ್ವವು ಆ ಹಮ್ಮಿನಲ್ಲಿರಲಿಲ್ಲ; ಮೊರ ಹೊತ್ತು ತಿರುಗಿ ನಡೆದ ಆ ನಡಿಗೆಯಲ್ಲಿತ್ತು. ಆ ಮೇಲೆ ಲಕ್ಕಮ್ಮನು ಅಳತೆಯ ಅಕ್ಕಿಯಲ್ಲಿಯೇ ಲಕ್ಷದ ತೊಂಬತ್ತಾರು ಸಾವಿರ ಜಂಗಮರಿಗೆ ಉಣಬಡಿಸಿದಳೆಂದು ಕಥೆ ಮುಂದುವರಿಯುವುದು. ಅದು ಪುರಾಣದ ಸಂಖ್ಯೆ. ನನಗೆ ದೊಡ್ಡ ಪವಾಡವಾಗಿ ತೋರುವುದು ತಿರುಗಿ ಚೆಲ್ಲಿದ ಆ ಹಿಡಿಯಕ್ಕಿ.

ನಾನು ಹನ್ನೆರಡು ವರ್ಷದವನಾಗಿ ಪಾಠಶಾಲೆಗೆ ಸೇರಿದಾಗ ಮಠದ ಉಗ್ರಾಣದಲ್ಲಿ ಒಬ್ಬ ವೃದ್ಧರಿದ್ದರು. ಅಕ್ಕಿ ಜೋಳಗಳನ್ನು ಅಳೆಯುವಾಗ ಸೇರಿನ ಮೇಲೆ ನಿಂತ ಗೋಪುರವನ್ನು ತೋರುಬೆರಳಿನಿಂದ ಸವರಿ ಚೀಲಕ್ಕೆ ಬೀಳಿಸುವರು. ನೆಲಕ್ಕೆ ಉದುರಿದ ಕಾಳುಗಳನ್ನು ಕುಳಿತು ಆರಿಸುವರು. ನಾವು ಹುಡುಗರು ಅವರನ್ನು ಕಾಳಪ್ಪನೆಂದು ಹಾಸ್ಯ ಮಾಡುತ್ತಿದ್ದೆವು. ಜಾತ್ರೆಯ ದಿನ ಮಾತ್ರ ಅವರ ಬೆರಳು ಗೋಪುರವನ್ನು ಮುಟ್ಟುತ್ತಿರಲಿಲ್ಲ. “ಇವತ್ತು ಉಣ್ಣೋರು ಬೇರೆ ಊರಿನವರು, ಅಳತಿ ಅವರ ಹಸಿವಿಂದು” ಎನ್ನುವರು. ಲಕ್ಕಮ್ಮನ ವಚನವನ್ನು ನನಗೆ ಪಾಠ ಹೇಳಿದವರು ಬೇರೆ, ತಿಳಿಸಿದವರು ಇವರು.

ನುಲಿಯ ಚಂದಯ್ಯನ ಪ್ರಸಂಗವು ಇನ್ನೂ ತೀಕ್ಷ್ಣವಾದುದು. ಕೆರೆಯಲ್ಲಿ ಬೆಳೆದ ಹುಲ್ಲನ್ನು ಕೊಯ್ದು, ಹಗ್ಗ ಹೊಸೆದು ಮಾರಿ, ಬಂದುದರಲ್ಲಿ ದಾಸೋಹ ಮಾಡುವುದು ಅವನ ಕಾಯಕ. ಹುಲ್ಲು ಹೊರೆ ಕಟ್ಟುವಾಗ ಒಮ್ಮೆ ಅವನ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದಿತು. ಅವನು ಅದನ್ನು ಎತ್ತಿಕೊಳ್ಳದೆ ಹೊರೆ ಹೊತ್ತು ನಡೆದುಬಿಟ್ಟನು. ಲಿಂಗವೇ ಬೆನ್ನುಹತ್ತಿ ಬಂದು ಬೇಡಿಕೊಂಡರೂ ಒಪ್ಪಲಿಲ್ಲ. ಮಡಿವಾಳ ಮಾಚಯ್ಯನು ನಡುವೆ ಬಂದು, ಲಿಂಗವಿಲ್ಲದೆ ಕಾಯಕಕ್ಕೆ ಅರ್ಥವೇನೆಂದು ವಾದಿಸಿ ರಾಜಿ ಮಾಡಿಸಬೇಕಾಯಿತು. ರಾಜಿಯ ನಿಬಂಧನೆಯೂ ಸಾಮಾನ್ಯವಾದುದಲ್ಲ: ಲಿಂಗದೇವನೂ ಕಾಯಕ ಮಾಡಬೇಕು, ಹಗ್ಗವನ್ನು ಹೊತ್ತು ಮಾರಿ ಬರಬೇಕು. ದೇವರು ಹಗ್ಗ ಹೊತ್ತು ಬಸವಣ್ಣನವರ ಬಳಿಗೆ ಬಂದಾಗ ಅವರು ಭಕ್ತಿಯ ಭರದಲ್ಲಿ ಹಗ್ಗದ ಬೆಲೆಗೆ ಎಷ್ಟೋ ಮೀರಿದ ಹೊನ್ನನ್ನು ಕೊಟ್ಟರು. ಚಂದಯ್ಯನು ಅದನ್ನು ಕಂಡು ಸಂತೋಷಪಟ್ಟನೆಂದುಕೊಂಡಿರಾ? ಹಗ್ಗಕ್ಕೆ ಸಲ್ಲದ ಬೆಲೆಯನ್ನು ತಂದುದೇಕೆಂದು ಸಿಟ್ಟಾದನು!

ಇಷ್ಟಲಿಂಗವೇ ಪ್ರಾಣವೆಂದು ನಂಬಿದ ಸಮಾಜವು ಈ ಕಥೆಯನ್ನು ಅಳಿಸದೆ ಉಳಿಸಿಕೊಂಡುದು ಆಶ್ಚರ್ಯಕರವಲ್ಲವೇ? ನಮ್ಮ ಮಠಗಳ ವ್ಯಾಖ್ಯಾನಕಾರರಲ್ಲಿ ಕೆಲವರು ಇದನ್ನು ಮೃದುಗೊಳಿಸಿ, ಮಾಚಯ್ಯನ ವಾದವನ್ನೇ ಸಿದ್ಧಾಂತವೆಂದು ನಿಲ್ಲಿಸುವರು. ಅವರ ಮಾತಿನಲ್ಲಿಯೂ ಸತ್ಯವಿದೆ. ಕೇವಲ ದುಡಿಮೆಯು ಕಾಯಕವಲ್ಲ, ದುಡಿಮೆಯ ಹಿಂದೆ ಅರಿವು ಬೇಕು. ಆದರೂ ಚಂದಯ್ಯನ ವಚನವು ಸ್ಪಷ್ಟವಾಗಿದೆ: ಗುರುವಾಗಲಿ ಲಿಂಗವಾಗಲಿ ಜಂಗಮವಾಗಲಿ, ಕಾಯಕದಿಂದಲೇ ಬಿಡುಗಡೆಯೆಂಬುದು ಅದರ ತಾತ್ಪರ್ಯ. ಜಂಗಮವನ್ನೂ ಸೇರಿಸಿದನೆಂಬುದನ್ನು ಗಮನಿಸಬೇಕು. ಭಕ್ತರ ಕಾಣಿಕೆಯಿಂದ ನಡೆಯುವ ಮಠದಲ್ಲಿ ಕುಳಿತು, ಆ ಮಠದ ಮಹೋತ್ಸವದ ಗ್ರಂಥದಲ್ಲಿ ಈ ಮಾತನ್ನು ಬರೆಯುವಾಗ ನನ್ನ ಕೈ ಸ್ವಲ್ಪ ತಡೆಯಿತೆಂದು ಮುಚ್ಚುಮರೆಯಿಲ್ಲದೆ ಹೇಳುವೆನು. ಹಗ್ಗದ ಬೆಲೆಗೆ ಮೀರಿದ ಹೊನ್ನು ನಮ್ಮ ಕೈಗೂ ಬರುವುದುಂಟು.

ಮೋಳಿಗೆಯ ಮಾರಯ್ಯನ ಕಥೆಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಕಾಶ್ಮೀರದ ಅರಸುತನವನ್ನು ಬಿಟ್ಟು ಕಲ್ಯಾಣಕ್ಕೆ ಬಂದು ಕಟ್ಟಿಗೆ ಮಾರಿ ಬದುಕಿದವನೆಂದು ಐತಿಹ್ಯ. ಅವನ ಮನೆಯ ಅಂಬಲಿಯ ಖ್ಯಾತಿಯನ್ನು ಕೇಳಿ ಬಸವಣ್ಣನವರು ಅವನಿಲ್ಲದಾಗ ವೇಷ ಮರೆಸಿ ಹೋಗಿ, ಉಂಡು, ಬಡತನಕ್ಕೆ ಮರುಗಿ, ಹೊನ್ನಿನ ಗಂಟನ್ನು ಗುಟ್ಟಾಗಿ ಇಟ್ಟು ಬಂದರು. ಮಾರಯ್ಯನು ಅದನ್ನು ಕಂಡು ನೊಂದು ಜಂಗಮರಿಗೆ ಹಂಚಿಬಿಟ್ಟನು. ದಾನ ಕೊಟ್ಟವರೇ ನಾಚಿ ಕ್ಷಮೆ ಬೇಡಬೇಕಾಯಿತು. ಇದೇ ಮಾರಯ್ಯನು ಮುಂದೆ ಲಿಂಗೈಕ್ಯದ ಹಂಬಲ ಹಿಡಿದಾಗ, ಇರುವ ಠಾವನ್ನು ಬಿಟ್ಟು ಬೇರೊಂದು ಕೈಲಾಸವುಂಟೇ ಎಂದು ಕೇಳಿ ಅವನನ್ನು ನಿಲ್ಲಿಸಿದವಳು ಹೆಂಡತಿ ಮಹಾದೇವಿ. ಇಲ್ಲಿಯೂ ತಿದ್ದಿದುದು ಮನೆಯೊಳಗಣ ಧ್ವನಿಯೇ.

ಈ ಮೂವರ ವಿಷಯದಲ್ಲಿಯೂ ಒಂದು ಸಂಗತಿ ಸಮಾನವಾಗಿದೆ. ಅಕ್ಕಿ ಆಯುವುದು, ಹಗ್ಗ ಹೊಸೆಯುವುದು, ಕಟ್ಟಿಗೆ ಹೊರುವುದು ಇವು ಯಾವುವೂ ತಮ್ಮಷ್ಟಕ್ಕೆ ತಾವೇ ರುಚಿಯಾದ ಕೆಲಸಗಳಲ್ಲ. ಅವುಗಳಲ್ಲಿ ಕೌಶಲದ ಮೆರೆತಕ್ಕೆ ಎಡೆಯಿಲ್ಲ, ಹೆಸರಿಗೆ ಎಡೆಯಿಲ್ಲ. ಅರ್ಥವು ಕೆಲಸದ ಒಳಗಿನಿಂದ ತಾನಾಗಿ ಒಸರಲಿಲ್ಲ. ಯಾರಿಗೆ ಉಣಬಡಿಸುವೆನು, ಎಷ್ಟಕ್ಕೆ ಸಾಕೆನ್ನುವೆನು, ಯಾರ ಪ್ರಶ್ನೆಗೆ ತಲೆಬಾಗುವೆನು ಎಂಬ ಕಟ್ಟುಪಾಡಿನಿಂದ ಬಂದಿತು. ಆ ತರುಣನ ಕಚೇರಿಯ ಗೋಡೆಯಲ್ಲಿ ಇಲ್ಲದುದು ಇದೇ. ಅಲ್ಲಿ ಹೆಚ್ಚು ತಂದರೆ ಬಹುಮಾನ. ಹೆಚ್ಚು ತಂದುದೇಕೆಂದು ಕೇಳುವ ಲಕ್ಕಮ್ಮನಿಲ್ಲ.

ಕಲ್ಯಾಣದ ಗಲಭೆಯ ತರುವಾಯ ಈ ಕಟ್ಟುಪಾಡು ಸಡಿಲವಾಯಿತೆಂಬುದನ್ನು ಒಪ್ಪಿಕೊಳ್ಳಲೇಬೇಕು. ಬಿರುದಿನಂತೆ ಹೊತ್ತ ಕಸುಬಿನ ಹೆಸರುಗಳು ಕಾಲಕ್ರಮದಲ್ಲಿ ಒಳಪಂಗಡಗಳ ಹೆಸರಾಗಿ ಗಟ್ಟಿಯಾದುವು. ಬಸವಣ್ಣನವರು ಹುಟ್ಟಿನ ವೃತ್ತಿಯನ್ನು ಬಿಟ್ಟು ಕರಣಿಕರಾದರು, ಐತಿಹ್ಯದ ಮಾರಯ್ಯನು ಅರಸುತನ ಬಿಟ್ಟು ಕಟ್ಟಿಗೆ ಹೊತ್ತನು. ಆದರೆ ಅವರ ಹೆಸರು ಹೇಳುವ ನಾವು ಮಗನಿಗೆ ಹೆಣ್ಣು ನೋಡುವಾಗ ಮೊದಲು ಕೇಳುವುದು ಒಳಪಂಗಡವನ್ನು. ಈ ವಿಷಯದಲ್ಲಿ ಹೆಚ್ಚು ಬರೆಯಲು ನನಗೆ ಇಷ್ಟವಿಲ್ಲ, ಬರೆಯದೆ ಬಿಡಲೂ ಮನಸ್ಸಿಲ್ಲ.

ಈ ವಚನಗಳು ನಮಗೆ ಓದಲು ದೊರೆತುದಾದರೂ ಒಬ್ಬರ ಕಾಯಕದಿಂದಲೇ. 1880ರಲ್ಲಿ ಧಾರವಾಡದಲ್ಲಿ ಜನಿಸಿದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ವೃತ್ತಿಯಿಂದ ವಿಜಾಪುರದ ವಕೀಲರು. ಓಲೆಗರಿಗಳಲ್ಲಿ ಹುಳು ತಿನ್ನುತ್ತಿದ್ದ ವಚನಗಳನ್ನು ಮನೆಮನೆಗೆ ಹೋಗಿ ಹುಡುಕಿ, ಪ್ರತಿ ಮಾಡಿ, ಪರಿಷ್ಕರಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. ಇದ್ದ ಮನೆಯನ್ನು ಮಾರಿ ಅಚ್ಚುಕೂಟ ಹೂಡಿದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಅದೇ ವರ್ಷ ಬಳ್ಳಾರಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1964ರಲ್ಲಿ ಅವರು ಲಿಂಗೈಕ್ಯರಾದರು. 1993ರಲ್ಲಿ ಕರ್ನಾಟಕ ಸರ್ಕಾರವು ಹದಿನೈದು ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಪ್ರಕಟಿಸಿದಾಗ ಅದರ ತಳಹದಿಯಲ್ಲಿ ಆ ವಕೀಲರ ಕೈಬರಹವಿತ್ತು. ವಕೀಲಿಯಿಂದ ಬಂದುದನ್ನು ಅವರು ಹಗ್ಗದ ಹಣದಂತೆಯೇ ಕಂಡರು: ತನಗೆ ಬೇಕಾದುದಷ್ಟನ್ನೂ ಉಳಿಸಿಕೊಳ್ಳದೆ ಉಳಿದುದನ್ನು ದಾಸೋಹಕ್ಕೆ ಹಾಕಿದರು. ಅವರ ದಾಸೋಹವು ಅಕ್ಷರದ್ದಾಗಿತ್ತು, ಭೇದವಿಷ್ಟೇ.

ಆ ತರುಣನಿಗೆ ನಾನು ಅಂದು ಹೇಳಿದುದು ಬಹಳ ಕಡಮೆ. ಲಕ್ಕಮ್ಮನ ಕಥೆಯನ್ನು ಹೇಳಿ, ನಿನ್ನ ಮನೆಯಲ್ಲಿ ಅಳತೆ ಕೇಳುವವರು ಯಾರಪ್ಪಾ ಎಂದು ಕೇಳಿದೆನು. ಅವನು ಸ್ವಲ್ಪ ನಕ್ಕು, ಹೆಂಡತಿಗೆ ತನ್ನ ಕೆಲಸವೇನೆಂಬುದೇ ಸರಿಯಾಗಿ ತಿಳಿಯದು, ತಾನೂ ಹೇಳಿಲ್ಲ ಎಂದನು. ದೀಪಾವಳಿಗೆ ಮತ್ತೆ ಬಂದಾಗ ಹೆಂಡತಿಯನ್ನೂ ಕರೆತಂದಿದ್ದನು. ರಾತ್ರಿಯ ಕೆಲಸವನ್ನು ಬಿಟ್ಟು ಹಗಲಿನದನ್ನು ಕೇಳಿ ಪಡೆದನೆಂದೂ, ಸಂಬಳ ಸ್ವಲ್ಪ ಕಡಮೆಯಾಯಿತೆಂದೂ, ಊರಿನ ನಾಲ್ಕು ಮಂದಿ ರೈತರ ಸಾಲದ ಕಾಗದಗಳನ್ನು ಭಾನುವಾರ ಓದಿ ಹೇಳುತ್ತಿರುವನೆಂದೂ ಅವಳೇ ಹೇಳಿದಳು. ಅವನು ಮಾತಾಡಲಿಲ್ಲ. ಸುಖವಾಗಿರುವನೇ ಎಂದು ನಾನೂ ಕೇಳಲಿಲ್ಲ.

ನನ್ನ ಲೆಕ್ಕವನ್ನೂ ಒಪ್ಪಿಸಿಬಿಡುವೆನು. ಶ್ರೀಮಠದ ಗ್ರಂಥಭಂಡಾರದ ಓಲೆಕಟ್ಟುಗಳಿಗೆ ಸೂಚಿಯನ್ನು ಸಿದ್ಧಪಡಿಸುವ ಕೆಲಸವನ್ನು ಪೂಜ್ಯರು ನನಗೆ ಒಪ್ಪಿಸಿ ಒಂಬತ್ತು ವರ್ಷಗಳಾದುವು. ಈ ಉತ್ಸವದೊಳಗೆ ಮುಗಿಸುವೆನೆಂದು ಮಾತು ಕೊಟ್ಟಿದ್ದೆನು. ಉಪನ್ಯಾಸಗಳಿಗೆ ಊರೂರು ತಿರುಗಿದುದರಿಂದ ಅರ್ಧದಷ್ಟೇ ಆಗಿದೆ. ಪ್ರತಿ ಸೋಮವಾರ ಪೂಜೆಯಾದ ಮೇಲೆ ಪೂಜ್ಯರು, “ಶಾಸ್ತ್ರಿಗಳೇ, ಎಷ್ಟು ಕಟ್ಟು ಬಿಚ್ಚಿದಿರಿ?” ಎಂದು ಕೇಳುವರು. ಕಳೆದ ಸೋಮವಾರ ಎರಡು ಎಂದೆನು. ಬರುವ ಸೋಮವಾರದೊಳಗೆ ಮೂರನೆಯದನ್ನು ಬಿಚ್ಚಬೇಕಾಗಿದೆ. ಆದುದರಿಂದ ಇಲ್ಲಿಗೆ ನಿಲ್ಲಿಸುವೆನು.